ಪರವೂರಿನಲ್ಲಿ ಪುಟ್ಟನ ನಿದ್ದೆ

ಉಡುಪಿಯ ರಥಬೀದಿಗೆ ಸಮೀಪದ ವಸತಿಗೃಹವೊಂದರ ಕೋಣೆ. ರಾತ್ರಿ ಎರಡು ಗಂಟೆಯ ಸಮಯ. ಬೇಸಗೆಯ ರಜೆಗೆಂದು ಬೆಂಗಳೂರಿನಿಂದ ಬಂದ ಆ ಸಂಸಾರದಲ್ಲಿ ಒಬ್ಬರಿಗೂ ಕಣ್ಣು ಹತ್ತಿಲ್ಲ. ಹನ್ನೆರಡಕ್ಕೆ ಎದ್ದು ಅಳತೊಡಗಿದ ಹತ್ತು ತಿಂಗಳ ಗಂಡುಮಗು ಇನ್ನೂ ಅಳು ನಿಲ್ಲಿಸಿಲ್ಲ. ಮೂರು ವರ್ಷದ ಅಕ್ಕ ಮಂಚದ ಮೇಲೆ ಕುಳಿತು, "ಅಮ್ಮಾ, ನಮ್ಮನೆಗೆ ಹೋಗೋಣ" ಎಂದು ರಾಗವೆಳೆಯುತ್ತಿದ್ದಾಳೆ. ಪಕ್ಕದ ಕೋಣೆಯವರು ಆಗಲೇ ಎರಡು ಬಾರಿ ಗೋಡೆ ತಟ್ಟಿದ್ದಾರೆ.

"ದೃಷ್ಟಿಯಾಗಿರಬೇಕು ಕಣೋ. ಸಂಜೆ ಮಠದಲ್ಲಿ ಎಷ್ಟು ಜನ ಎತ್ತಿಕೊಂಡರು!" ಎಂದರು ಅಜ್ಜಿ.

"ಹೊಟ್ಟೆನೋವೇನೋ ನೋಡು" ಎಂದ ತಂದೆ, ಕುಳಿತಲ್ಲಿಂದಲೇ.

ತಾಯಿ ಏನೂ ಹೇಳಲಿಲ್ಲ. ಆಕೆಯ ಕೈಚೀಲದಲ್ಲಿ ನೆಗಡಿಯ ಸಿರಪ್ಪಿನ ಸೀಸೆಯೊಂದಿತ್ತು. ಹೊರಡುವ ಮುನ್ನ ಗೆಳತಿಯೊಬ್ಬಳು ಅದನ್ನು ಕೈಗಿತ್ತು, "ತೀರ ಕಷ್ಟವಾದರೆ ಅರ್ಧ ಚಮಚ ಕುಡಿಸಿಬಿಡು, ಬೆಳಗಿನವರೆಗೆ ಉಸಿರೆತ್ತುವುದಿಲ್ಲ" ಎಂದಿದ್ದಳು. ಆಡುಮಾತಿನಲ್ಲಿ ಸಹಜವಾಗಿ ಬಂದ ಆ ಮಾತು ನಡುರಾತ್ರಿಯಲ್ಲಿ ಬೇರೆಯೇ ಅರ್ಥದಲ್ಲಿ ಕೇಳಿಸಿತು. ಚೀಲದೊಳಗೆ ಹೋದ ಕೈ ಹಾಗೆಯೇ ಹಿಂದೆ ಬಂತು.

ಆ ಒಂದು ಕ್ಷಣದ ಅಳುಕು ಎಷ್ಟು ಒಳ್ಳೆಯದಾಯಿತೆಂಬುದನ್ನು ಎಲ್ಲ ತಾಯ್ತಂದೆಗಳೂ ತಿಳಿದಿರಬೇಕು. ಮಗುವನ್ನು ಮದ್ದಿನಿಂದ ಮಲಗಿಸುವ ಚಾಳಿ ಹೊಸದಲ್ಲ. ಹಿಂದೊಂದು ಕಾಲದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ತಾಯಂದಿರು ಎಳೆಯ ಮಕ್ಕಳಿಗೆ ಅಫೀಮಿನ ಗುಳಿಗೆ ಕೊಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಇಂದು ಗುಳಿಗೆಯ ಸ್ಥಾನಕ್ಕೆ ಸಿರಪ್ಪು ಬಂದಿದೆ. ನೆಗಡಿಯ ಅನೇಕ ಔಷಧಗಳಲ್ಲಿ ಮಂಪರು ತರುವ ದ್ರವ್ಯವಿರುತ್ತದೆ. ಎಳೆಯ ಶರೀರದಲ್ಲಿ ಅದು ಉಸಿರಾಟವನ್ನು ಕುಂಠಿತಗೊಳಿಸಬಲ್ಲುದು. ಕೆಲವು ಮಕ್ಕಳಲ್ಲಿ ತದ್ವಿರುದ್ಧವಾಗಿ ನಿದ್ದೆಗೆಡಿಸಿ ಉದ್ರೇಕಿಸುವುದೂ ಉಂಟು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಎಂಬ ಎರಡು ದ್ರವ್ಯಗಳು ಕೂಡಿದ ನೆಗಡಿಯ ಔಷಧವನ್ನು ನಾಲ್ಕು ವರ್ಷಕ್ಕೆ ಕಿರಿಯ ಮಕ್ಕಳಿಗೆ ಕೊಡಕೂಡದೆಂದು ಭಾರತದ ಔಷಧ ನಿಯಂತ್ರಣಾಧಿಕಾರಿಗಳು ೨೦೨೩ರ ಡಿಸೆಂಬರಿನಲ್ಲಿ ಆದೇಶವನ್ನೇ ಹೊರಡಿಸಿದರು. ವೈದ್ಯರು ರೋಗಕ್ಕೆಂದು ಬರೆದುಕೊಟ್ಟ ಹೊರತು ನಿದ್ದೆಗೆಂದು ಮಗುವಿಗೆ ಯಾವ ಮದ್ದೂ ಸಲ್ಲದು.

ಹಾಗಾದರೆ ಆ ಮಗು ಅತ್ತದ್ದೇಕೆ? ದೃಷ್ಟಿಯೂ ಅಲ್ಲ, ಹೊಟ್ಟೆನೋವೂ ಅಲ್ಲ. ಅದರ ಹಿಂದಿನ ಒಂದು ದಿನವನ್ನು ನೆನೆದರೆ ಕಾರಣ ತಾನಾಗಿ ತೋರುತ್ತದೆ.

ರಾತ್ರಿಯ ರೈಲಿನಲ್ಲಿ ಬೆಂಗಳೂರು ಬಿಟ್ಟ ಸಂಸಾರ ಉಡುಪಿಯಲ್ಲಿಳಿದದ್ದು ನಸುಕಿನಲ್ಲಿ. ಸ್ನಾನ ಮುಗಿಸಿ ದೇವರ ದರ್ಶನಕ್ಕೆ ಹೋದರು. ಬೆಳಗಿನ ಹತ್ತಕ್ಕೆ ಮಗು ಮಲಗುವ ಹೊತ್ತು ದರ್ಶನದ ಸಾಲಿನಲ್ಲಿ ಕಳೆಯಿತು. ಮಧ್ಯಾಹ್ನ ಮಲಗುವ ಹೊತ್ತು ನೆಂಟರ ಮನೆಯ ಊಟದಲ್ಲಿ ಕಳೆಯಿತು. ಸಂಜೆ ಮಲ್ಪೆಯ ಕಡಲತೀರ, ಆಮೇಲೆ ಮತ್ತೆ ಮಠ, ರಾತ್ರಿ ಹೋಟೆಲಿನಲ್ಲಿ ಊಟ. ಹಾಸಿಗೆ ಕಂಡದ್ದು ಹನ್ನೊಂದಕ್ಕೆ. "ಚೆನ್ನಾಗಿ ದಣಿದಿದ್ದಾನೆ, ಬಿದ್ದೊಡನೆ ಮಲಗುತ್ತಾನೆ" ಎಂಬುದು ಹಿರಿಯರ ಲೆಕ್ಕ. ಆದರೆ ದಣಿವಿಗೂ ನಿದ್ದೆಗೂ ಹಿರಿಯರಲ್ಲಿರುವ ನಂಟು ಶಿಶುವಿನಲ್ಲಿ ಹಾಗೆಯೇ ಇರುವುದಿಲ್ಲ. ಮಿತಿಮೀರಿ ದಣಿದ ಮಗು ಮಲಗಲೂ ಸತಾಯಿಸುತ್ತದೆ, ಮಲಗಿದ ಮೇಲೂ ಮತ್ತೆ ಮತ್ತೆ ಏಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಹೇಳಿದಂತೆ ನಾಲ್ಕರಿಂದ ಹನ್ನೊಂದು ತಿಂಗಳ ಮಗುವಿಗೆ ಹಗಲುನಿದ್ದೆಯೂ ಸೇರಿ ದಿನಕ್ಕೆ ೧೨ರಿಂದ ೧೬ ಗಂಟೆ ನಿದ್ದೆ ಬೇಕು. ಒಂದೆರಡು ವರ್ಷದವರಿಗೆ ೧೧ರಿಂದ ೧೪. ಮೂರು ನಾಲ್ಕು ವರ್ಷದವರಿಗೆ ೧೦ರಿಂದ ೧೩. ಆ ದಿನ ಈ ಮಗುವಿಗೆ ದೊರೆತದ್ದು ಅದರ ಅರ್ಧವೂ ಅಲ್ಲ.

ಇನ್ನೊಂದು ಕಾರಣ ಹೊಸ ಜಾಗ. ಪರಸ್ಥಳದಲ್ಲಿ ಮೊದಲ ಇರುಳು ನಿದ್ದೆ ಬಾರದಿರುವುದು ಹಿರಿಯರ ಅನುಭವವೂ ಹೌದು. ೧೯೬೬ರಲ್ಲೇ ಅಮೆರಿಕದ ಸಂಶೋಧಕರು ಪ್ರಯೋಗಶಾಲೆಯಲ್ಲಿ ಇದನ್ನು ಗುರುತಿಸಿದ್ದರು. ಅಲ್ಲಿನ ಬ್ರೌನ್ ವಿಶ್ವವಿದ್ಯಾಲಯದವರು ೨೦೧೬ರಲ್ಲಿ ಪ್ರಕಟಿಸಿದ ಸಂಶೋಧನೆಯಂತೂ ಸ್ವಾರಸ್ಯಕರವಾಗಿದೆ: ಹೊಸ ಸ್ಥಳದ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗದೆ, ಕಾವಲುಗಾರನಂತೆ ಸದ್ದಿಗೆ ಕಿವಿಗೊಟ್ಟಿರುತ್ತದೆಯಂತೆ. ಇದು ದೊಡ್ಡವರ ಮೇಲೆ ನಡೆದ ಪ್ರಯೋಗ. ಊರು, ರಜೆ, ವಸತಿಗೃಹ ಎಂಬ ಯಾವ ಮಾತೂ ಅರ್ಥವಾಗದ ಹಸುಳೆಗೆ ಅಪರಿಚಿತ ಮೂಲೆಯ ಕತ್ತಲೆ ಹೇಗೆ ತೋರಬಹುದೆಂಬುದನ್ನು ಊಹಿಸಿಕೊಳ್ಳಬಹುದು. ಅದರಲ್ಲೂ ಶಿಶುವಿನ ನಿದ್ದೆಯ ಒಂದೊಂದು ಸುತ್ತು ಐವತ್ತು ಅರವತ್ತು ನಿಮಿಷಗಳದು. ಸುತ್ತು ಮುಗಿದಾಗಲೆಲ್ಲ ಮಗು ಅರೆಗಣ್ಣು ತೆರೆಯುತ್ತದೆ. ಮನೆಯಲ್ಲಾದರೆ ಅದೇ ಗೋಡೆ, ಅದೇ ವಾಸನೆ; ಮತ್ತೆ ಕಣ್ಣು ಮುಚ್ಚುತ್ತದೆ. ಇಲ್ಲಿ ಕಂಡದ್ದೆಲ್ಲ ಹೊಸದಾದುದರಿಂದ ಪೂರ್ಣ ಎಚ್ಚರವಾಗಿ ಅಳುತ್ತದೆ.

ಇದಕ್ಕೆ ಪರಿಹಾರ ಸೂಚಿಸಿದವರು ಅಜ್ಜಿಯೇ. ಬೆಳಗ್ಗೆ ಕಾಫಿ ಕುಡಿಯುತ್ತ ಅವರು ಸೊಸೆಯನ್ನು ಕೇಳಿದರು: "ಅಲ್ಲಮ್ಮಾ, ಮನೆಯಲ್ಲಿ ಇವನನ್ನು ಹೇಗೆ ಮಲಗಿಸ್ತೀವಿ, ಹೇಳು ನೋಡೋಣ."

ಸೊಸೆ ಬೆರಳು ಮಡಿಚಿ ಎಣಿಸಿದಳು. ಏಳು ಗಂಟೆಗೆ ಉಗುರುಬೆಚ್ಚಗಿನ ನೀರಿನಲ್ಲಿ ಮೈ ಒರೆಸುವುದು, ರಾಗಿ ಸರಿ ತಿನ್ನಿಸುವುದು, ದೀಪ ಆರಿಸಿ ಚಿಕ್ಕ ದೀಪ ಹಚ್ಚುವುದು, ಅತ್ತೆಯವರು ಒಂದು ಲಾಲಿ ಹಾಡುವುದು, ಎಂಟಕ್ಕೆ ಹಾಸಿಗೆ.

"ಇಷ್ಟರಲ್ಲಿ ನಿನ್ನೆ ಯಾವುದು ಮಾಡಿದೆವು?"

"ಯಾವುದೂ ಇಲ್ಲ, ಅತ್ತೆ."

ಸಮಸ್ತ ವಿಷಯದ ತಿರುಳು ಇಲ್ಲಿಯೇ ಇದೆ. ಮಗು ನೆಚ್ಚಿ ಮಲಗುವುದು ಊರನ್ನಲ್ಲ, ಕ್ರಮವನ್ನು. ಊರನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಲಾಗದು, ಕ್ರಮವನ್ನು ಕೊಂಡೊಯ್ಯಬಹುದು. ಮನೆಯಲ್ಲಿ ನಾಲ್ಕು ಕೆಲಸ ಯಾವ ಅನುಕ್ರಮದಲ್ಲಿ ನಡೆಯುತ್ತವೆಯೋ ಪರವೂರಿನಲ್ಲಿಯೂ ಅದೇ ಅನುಕ್ರಮದಲ್ಲಿ, ಸುಮಾರಾಗಿ ಅದೇ ಹೊತ್ತಿಗೆ ನಡೆಯಬೇಕು. ಮನೆಯ ಹಾಸುಬಟ್ಟೆಯನ್ನು ಒಗೆಯದೆ ಕೊಂಡೊಯ್ದು ಅದನ್ನೇ ಬಿಗಿಯಾಗಿ ಹಾಸಿದರೆ ಪರಿಚಿತ ವಾಸನೆ ಜೊತೆಗಿರುತ್ತದೆ. ಇದಾವುದಕ್ಕೂ ಖರ್ಚಿಲ್ಲ.

ಹಗಲಿನ ವಿಷಯದಲ್ಲಿ ಸ್ವಲ್ಪ ತ್ಯಾಗ ಬೇಕಾಗುತ್ತದೆ. ದಿನಕ್ಕೆ ನಾಲ್ಕು ಸ್ಥಳ ನೋಡುವ ಯೋಜನೆಯನ್ನು ಎರಡಕ್ಕೆ ಇಳಿಸಿ, ಮಧ್ಯಾಹ್ನದ ಒಂದು ನಿದ್ದೆಯನ್ನಾದರೂ ಹಾಸಿಗೆಯ ಮೇಲೆಯೇ ಆಗಗೊಡಬೇಕು. ಕಿಟಕಿಗೆ ದಪ್ಪ ಪರದೆಯಿಲ್ಲದಿದ್ದರೆ ಸೀರೆಯೊಂದನ್ನು ಕಟ್ಟಿ ಬೆಳಕು ತಡೆಯಬಹುದು. ಆದರೆ ಅದೇ ಸೀರೆಯನ್ನು ತೊಟ್ಟಿಲಿಗಾಗಲಿ ಕೈಗಾಡಿಗಾಗಲಿ ಹೊದಿಸಬಾರದು. ಒಳಗೆ ಗಾಳಿಯಾಡದೆ ಸೆಕೆ ಏರುತ್ತದೆ. ಕಾರಿನಲ್ಲಿ ಮಲಗಿದ ಮಗುವನ್ನು ಎಬ್ಬಿಸಲು ಮನಸ್ಸಾಗದೆ ನಿಂತ ಕಾರಿನಲ್ಲೇ ಬಿಟ್ಟು ಹೋಗುವುದಂತೂ ಪ್ರಾಣಾಪಾಯದ ಕೆಲಸ. ಹಟ ಮಾಡುವ ಮಗುವಿನ ಕೈಗೆ ಮೊಬೈಲು ಕೊಟ್ಟು ಮಲಗಿಸುವವರಿದ್ದಾರೆ. ಆ ಬೆಳಕು ನಿದ್ದೆಯನ್ನು ಇನ್ನಷ್ಟು ದೂರ ಓಡಿಸುತ್ತದೆ.

ಸೆಕೆಯ ಮಾತನ್ನು ವಿಶೇಷವಾಗಿ ಹೇಳಬೇಕು. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಬೆಂಗಳೂರಿನ ತಾಯಂದಿರಿಗೆ ಮಗುವಿಗೆ ಟೊಪ್ಪಿಗೆ, ಕಾಲುಚೀಲ ತೊಡಿಸಿ ಮಲಗಿಸುವುದು ರೂಢಿ. ಮೇ ತಿಂಗಳ ಕರಾವಳಿಯಲ್ಲಿ ಇರುಳೂ ಬೆವರು ಬಿಡದು. ಅಲ್ಲಿ ತೆಳುವಾದ ಒಂದು ಹತ್ತಿಯ ಅಂಗಿ ಸಾಕು. ಟೊಪ್ಪಿಗೆ ಬೇಡವೇ ಬೇಡ. ಕೈಕಾಲು ಮುಟ್ಟಿ ಚಳಿಯೆಂದು ನಿರ್ಣಯಿಸದೆ ಕುತ್ತಿಗೆಯ ಹಿಂಭಾಗವನ್ನೋ ಎದೆಯನ್ನೋ ಮುಟ್ಟಿ ನೋಡಬೇಕು. ಅಲ್ಲಿ ಬೆವರಿದ್ದರೆ ಬಟ್ಟೆ ಹೆಚ್ಚಾಯಿತೆಂದೇ ಅರ್ಥ. ಮಡಿಕೇರಿ, ಊಟಿಗಳಿಗೆ ಹೋದವರು ಚಳಿಗೆ ಹೆದರಿ ದಪ್ಪ ರಗ್ಗು ಹೊದಿಸುವುದಕ್ಕಿಂತ ಮೈಗಂಟುವ ಅಂಗಿಯನ್ನು ಒಂದರ ಮೇಲೊಂದು ತೊಡಿಸುವುದು ಲೇಸು.

ವಸತಿಗೃಹದ ಮೆತ್ತನೆಯ ಹಾಸಿಗೆ ದೊಡ್ಡವರಿಗೆ ಸುಖ, ಹಸುಳೆಗೆ ಅಪಾಯ. ಒಂದು ವರ್ಷ ತುಂಬದ ಮಗುವನ್ನು ಗಟ್ಟಿಯಾದ ಸಮತಟ್ಟು ಹಾಸಿನ ಮೇಲೆ, ದಿಂಬಿಲ್ಲದೆ, ಮೇಲೆ ರಗ್ಗಿಲ್ಲದೆ, ಅಂಗಾತ ಮಲಗಿಸಬೇಕು. ಅಂಗಾತ ಮಲಗಿಸಿರೆಂದು ಅಮೆರಿಕದ ಶಿಶುವೈದ್ಯರ ಸಂಘ ೧೯೯೨ರಲ್ಲಿ ಸಲಹೆಯಿತ್ತಿತು. ಅದರ ಪ್ರಚಾರ ನಡೆದ ಮುಂದಿನ ಹತ್ತು ವರ್ಷಗಳಲ್ಲಿ ನಿದ್ದೆಯಲ್ಲಿ ಹಠಾತ್ತಾಗಿ ಸಂಭವಿಸುತ್ತಿದ್ದ ಶಿಶುಮರಣಗಳು ಆ ದೇಶದಲ್ಲಿ ಸುಮಾರು ಅರ್ಧಕ್ಕೆ ಇಳಿದವು. ಇಬ್ಬರು ಹಿರಿಯರ ನಡುವೆ ಮಗುವನ್ನು ಮಲಗಿಸಿಕೊಳ್ಳುವ ಬದಲು, ನೆಲದ ಮೇಲೆ ತೆಳುವಾದ ಗಟ್ಟಿ ಹಾಸಿಗೆಯನ್ನು ಹಾಸಿ, ತಾಯಿಯ ಕೈಗೆ ಎಟಕುವಷ್ಟು ಹತ್ತಿರ, ಆದರೆ ಪ್ರತ್ಯೇಕವಾಗಿ ಮಲಗಿಸುವುದು ಕ್ಷೇಮ. ಮಂಚದಿಂದ ಉರುಳುವ ಭಯವೂ ಇರುವುದಿಲ್ಲ.

ಮೂರು ವರ್ಷದ ಅಕ್ಕನ ಸಮಸ್ಯೆ ಬೇರೆ. ಅವಳಿಗೆ ಮಾತು ತಿಳಿಯುತ್ತದೆ. ಆದುದರಿಂದ ಭಯವೂ ತಿಳಿಯುತ್ತದೆ. ಇಂಥ ಮಕ್ಕಳಿಗೆ ಹೊಸ ಕೋಣೆಯನ್ನು ಹಗಲಿನಲ್ಲೇ ತೋರಿಸಿ, "ಇಲ್ಲಿ ನೀನು, ಇಲ್ಲಿ ಅಜ್ಜಿ, ಬಚ್ಚಲುಮನೆ ಅಲ್ಲಿ" ಎಂದು ಪರಿಚಯಿಸಬೇಕು. ತನ್ನ ಹಾಸಿಗೆಯನ್ನು ತಾನೇ ಹಾಸಿಕೊಳ್ಳಗೊಡಬೇಕು. ಈ ಹುಡುಗಿಗೆ ಹಳೆಯ ಸೀರೆಗಳಿಂದ ಅಜ್ಜಿ ಹೊಲಿದ ಕೌದಿಯೊಂದಿತ್ತು. ಭಾರವೆಂದು ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಆ ಭಾರ ಎಷ್ಟು ಹಗುರವಾಗಿತ್ತೆಂಬುದು ಮೊದಲ ರಾತ್ರಿಯೇ ತಿಳಿಯಿತು! ಎರಡನೆಯ ರಾತ್ರಿ ಅಜ್ಜಿಯ ಸೀರೆಯ ಸೆರಗು ಕೌದಿಯ ಕೆಲಸ ಮಾಡಿತು.

ರೈಲಿನ ಪ್ರಯಾಣಕ್ಕೂ ಎರಡು ಮಾತು ಸಲ್ಲುತ್ತವೆ. ಐದು ವರ್ಷಕ್ಕೆ ಕಿರಿಯ ಮಕ್ಕಳಿಗೆ ಟಿಕೀಟು ಬೇಡವೆಂಬುದು ನಿಜ. ಹಾಗೆ ಹೋದರೆ ಮಲಗಲು ಪ್ರತ್ಯೇಕ ಸ್ಥಳವೂ ಇಲ್ಲ. ೨೦೨೨ರ ಮೇ ತಿಂಗಳಲ್ಲಿ ಉತ್ತರ ರೈಲ್ವೆಯವರು ಲಖನೌ ಮೇಲ್ ಗಾಡಿಯಲ್ಲಿ ತಾಯಿಯ ಮಗ್ಗುಲಿಗೆ ಮಗುವಿಗೂ ಒಂದು ಪುಟ್ಟ ಹಾಸು ಜೋಡಿಸಿ ಪ್ರಯೋಗ ನಡೆಸಿದ್ದರು. ಅಂಥ ಏರ್ಪಾಡಿಲ್ಲದ ಗಾಡಿಯಲ್ಲಿ ಕೆಳಗಿನ ಹಾಸನ್ನೇ ಮುಂಗಡವಾಗಿ ಪಡೆದು, ಮಗುವನ್ನು ಒಳಬದಿಗೆ ಮಲಗಿಸಿ, ಹಿರಿಯರಲ್ಲೊಬ್ಬರು ಸರದಿಯ ಮೇಲೆ ಎಚ್ಚರವಿರಬೇಕು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ೫೫ ಕಿಲೋಮೀಟರಿನಲ್ಲಿ ೫೭ ಸುರಂಗಗಳಿವೆ; ಗಾಡಿಯ ಸದ್ದು ಏರುತ್ತಲೂ ಇಳಿಯುತ್ತಲೂ ಇರುವ ಈ ಹಾದಿಯಲ್ಲಿ ಮಗು ಕನವರಿಸಿದರೆ ಕೂಡಲೇ ಎತ್ತಿಕೊಳ್ಳದೆ ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ತಟ್ಟಿದರೆ ಬಹುಶಃ ಮತ್ತೆ ಮಲಗೀತು.

ಇಷ್ಟೆಲ್ಲ ಮಾಡಿಯೂ ಮಗು ಅಳು ನಿಲ್ಲಿಸದೆ, ಜ್ವರ, ವಾಂತಿ ಕಾಣಿಸಿದರೆ, ಕಿವಿ ಎಳೆದುಕೊಂಡರೆ, ಹಾಲು ಮುಟ್ಟದಿದ್ದರೆ, ಅದನ್ನು ಜಾಗದ ದೋಷವೆಂದು ಕೂರದೆ ವೈದ್ಯರಲ್ಲಿಗೆ ಒಯ್ಯಬೇಕು.

ಕಡೆಯ ಮಾತು ತಂದೆಯಾದವನಿಗೆ. ಪ್ರವಾಸದಲ್ಲಿ ಮಗುವಿನ ನಿದ್ದೆ ಕೆಟ್ಟರೆ ಎಲ್ಲರ ನಿದ್ದೆಯೂ ಕೆಡುತ್ತದೆ ಎನ್ನುವುದುಂಟು. ನಿಜವಾಗಿ ಕೆಡುವುದು ಒಬ್ಬಳದು. ವರ್ಷವಿಡೀ ಮನೆಯನ್ನೂ ಶಾಲೆಯ ಕೆಲಸವನ್ನೂ ನಿಭಾಯಿಸಿ ಬಂದ ಆ ತಾಯಿ ಮೊದಲ ಸಂಜೆ ಮಲ್ಪೆಯಲ್ಲಿ ಸಮುದ್ರ ಕಂಡದ್ದು ಅಳುವ ಮಗುವಿನ ಟೊಪ್ಪಿಗೆಯ ಮೇಲಿನಿಂದ. ಎರಡನೆಯ ರಾತ್ರಿ ಸಂಸಾರ ಏಳಕ್ಕೇ ಕೋಣೆ ಸೇರಿತು. ರಾಗಿ ಸರಿ, ಚಿಕ್ಕ ದೀಪ, ಲಾಲಿ ಎಲ್ಲವೂ ಕ್ರಮವಾಗಿ ನಡೆದವು. ಮಗು ಎರಡು ಸಲ ಎದ್ದಿತು. ಎರಡು ಸಲವೂ ಎದ್ದವನು ತಂದೆ. ಮೊದಲ ಸಲ ಅವನ ಕೈ ಒರಟೆನಿಸಿ ಮಗು ಮುಖ ತಿರುಗಿಸಿತು. ಎರಡನೆಯ ಸಲ ಒಪ್ಪಿಕೊಂಡಿತು.

ಮೂರನೆಯ ದಿನ ಬೆಳಕು ಹರಿಯುವ ಮೊದಲೇ ಎಚ್ಚರಗೊಂಡ ತಾಯಿ ನೋಡಿದಳು. ಮಕ್ಕಳಿಬ್ಬರೂ ಮಲಗಿದ್ದರು.

"ಅತ್ತೆ, ನಾನೊಂದಿಷ್ಟು ಹೊತ್ತು..."

"ಹೋಗಿ ಬಾ, ಮಗು. ಇವನಿದ್ದಾನಲ್ಲ, ನೋಡಿಕೊಳ್ಳುತ್ತಾನೆ" ಎಂದರು ಅಜ್ಜಿ, ಮಗನತ್ತ ಕೈ ತೋರಿ.

ಆಕೆ ಆಟೋ ಹಿಡಿದು ಮಲ್ಪೆಗೆ ಹೋದಳು. ಬಂದರಿನಲ್ಲಿ ರಾತ್ರಿ ಮೀನಿಗೆ ಹೋದ ದೋಣಿಗಳು ಮರಳುತ್ತಿದ್ದವು. ಯಾರನ್ನೂ ಎತ್ತಿಕೊಳ್ಳದ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಒಂದು ಗಂಟೆಯ ಕಾಲ ಆಕೆ ಸಮುದ್ರವನ್ನು ನೋಡುತ್ತ ಕುಳಿತಳು. ಆ ಸಂಸಾರದ ರಜೆ ನಿಜವಾಗಿ ಆರಂಭವಾದದ್ದು ಆಗ.