ಮದ್ದನ್ನು ಸೆಳೆಯುವ ಸೂಜಿಗಲ್ಲು

ಈಚೆಗೆ ಆಪ್ತರೊಬ್ಬರ ಮನೆಗೆ ಹೋಗಿದ್ದೆವು. ಕಿಮೋಥೆರಪಿಯ ಮೂರನೆಯ ಸುತ್ತು ಮುಗಿಸಿದ್ದ ಆ ಮನೆಯ ಹಿರಿಯ ತಾಯಿ ನಮ್ಮನ್ನು ಕೇಳಿದರು: "ಗಂಟಿರುವುದು ಒಂದು ಕಡೆ. ಕೂದಲುದುರಿ, ಬಾಯಿ ಹುಣ್ಣಾಗಿ, ಅನ್ನ ಸೇರದಂತಾಗುವುದೇಕೆ? ಮದ್ದನ್ನು ಗಂಟಿಗಷ್ಟೇ ಮುಟ್ಟಿಸಲು ಬಾರದೆ?" ಮಗನ ಕೈಯಲ್ಲಿ ಕಾಂತ ಚಿಕಿತ್ಸೆಯ ಕರಪತ್ರವೊಂದಿತ್ತು. ಆಸ್ಪತ್ರೆ ಬಿಡಿಸಿ ಅಲ್ಲಿಗೆ ಕರೆದೊಯ್ಯುವ ವಿಚಾರ ಅವರದು.

ತಾಯಿಯ ಪ್ರಶ್ನೆಯನ್ನೇ ವಿಜ್ಞಾನಿಗಳೂ ಕೇಳಿಕೊಂಡಿದ್ದಾರೆ. ಈ ಔಷಧಿಗಳು ರಕ್ತದೊಡನೆ ಮೈಯೆಲ್ಲ ಸುತ್ತಿ, ಬೇಗ ಬೇಗ ವೃದ್ಧಿಯಾಗುವ ಜೀವಕೋಶಗಳನ್ನು ಹೊಡೆಯುತ್ತವೆ. ಕೂದಲಿನ ಬುಡ, ಬಾಯಿಯ ಒಳಪೊರೆಗಳಲ್ಲಿರುವ ಕೋಶಗಳೂ ಅಂಥವೇ. ಆದುದರಿಂದ ಒಂದು ಉಪಾಯ ಹೂಡಿದರು. ಕಬ್ಬಿಣದ ಆಕ್ಸೈಡಿನ ಅತಿ ಸೂಕ್ಷ್ಮ ಕಣಗಳಿಗೆ ಹೊದಿಕೆಯಿತ್ತು, ಅದಕ್ಕೆ ಔಷಧಿಯನ್ನು ಬೆಸೆದು ರಕ್ತನಾಳಕ್ಕೆ ಸೇರಿಸುವುದು; ಗಂಟಿನ ಬಳಿ ಬಲವಾದ ಆಯಸ್ಕಾಂತವಿರಿಸಿ ಅವನ್ನು ಅಲ್ಲಿಯೇ ತಡೆಯುವುದು. ಈ ಕಣಗಳನ್ನು ನ್ಯಾನೊಮೀಟರಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿನ 10 ಲಕ್ಷದಲ್ಲೊಂದು ಪಾಲೇ ನ್ಯಾನೊಮೀಟರು. ಇಷ್ಟು ಚಿಕ್ಕವಾದ್ದರಿಂದ ಆಯಸ್ಕಾಂತ ತೆಗೆದೊಡನೆ ಅವು ಕಾಂತತ್ವವನ್ನು ಬಿಡುತ್ತವೆ; ಒಂದಕ್ಕೊಂದು ಅಂಟಿ ರಕ್ತನಾಳ ಕಟ್ಟುವ ಭಯ ಕಡಿಮೆ.

1996ರಲ್ಲಿ ಜರ್ಮನಿಯ ಆಂಡ್ರಿಯಾಸ್ ಲ್ಯೂಬ್ಬೆ ಮತ್ತು ಸಂಗಡಿಗರು, ರೋಗ ಉಲ್ಬಣಿಸಿದ್ದ 14 ಮಂದಿಯಲ್ಲಿ ಎಪಿರುಬಿಸಿನ್ ಔಷಧಿಯೊಡನೆ ನಡೆಸಿದ ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಸುಮಾರು ಅರ್ಧದಷ್ಟು ಮಂದಿಯಲ್ಲಿ ಕಣಗಳು ಗಂಟನ್ನು ತಲಪಿದ್ದವು. ಆದರೆ ಅದು ಸುರಕ್ಷತೆಯನ್ನು ಅರಿಯುವ ಪರೀಕ್ಷೆ, ಗುಣವಾದ ಸಾಕ್ಷ್ಯವಲ್ಲ.

ತೊಡಕುಗಳೂ ಉಂಟು. ದೂರವಾದಂತೆ ಆಯಸ್ಕಾಂತದ ಸೆಳೆತ ಬಹುಬೇಗ ಕುಗ್ಗುವುದರಿಂದ, ದೇಹದ ಆಳದಲ್ಲಿರುವ ಗಂಟಿಗೆ ಕಣಗಳನ್ನು ಮುಟ್ಟಿಸುವುದು ಕಷ್ಟ. ಹಲವು ಕಣಗಳನ್ನು ಯಕೃತ್ತು, ಗುಲ್ಮಗಳು ಹಿಡಿದಿಟ್ಟುಕೊಳ್ಳುತ್ತವೆ. ಇಂಥ ಕಣಗಳನ್ನು ಗಂಟಿನೊಳಗೇ ಇಟ್ಟು ಬಿಸಿಮಾಡುವ ಬೇರೊಂದು ವಿಧಾನಕ್ಕೆ, ಮಿದುಳಿನ ಗೆಡ್ಡೆಗಾಗಿ, 2010ರಲ್ಲಿ ಯೂರೋಪಿನಲ್ಲಿ ಅನುಮತಿ ದೊರೆಯಿತು. ಔಷಧಿಯನ್ನು ಸೆಳೆಯುವ ಈ ವಿಧಾನವಾದರೋ ಇಂದಿಗೂ ಸಂಶೋಧನೆಯ ವಿಷಯವೇ.

ಮೈಮೇಲೆ ಬರಿಯ ಆಯಸ್ಕಾಂತವಿಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದರಿಂದ ಕ್ಯಾನ್ಸರ್ ಕರಗದು. ಅಲ್ಲಿ ಕಳೆದ ತಿಂಗಳುಗಳು ಮರಳಿ ಬಾರವು.

ಇದನ್ನೇ ಆ ಮಗನಿಗೆ ಹೇಳಿದೆವು. ಬಾಯಿಹುಣ್ಣು, ವಾಂತಿಗಳನ್ನು ಸಹಿಸಿ ಸುಮ್ಮನಿರದೆ ವೈದ್ಯರಿಗೆ ತಿಳಿಸಬೇಕು, ಅವುಗಳಿಗೆ ಪರಿಹಾರವುಂಟು. ಜ್ವರ ಬಂದರಂತೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತಾಯಿ ಮಗನತ್ತ ನೋಡಿ, "ಸೋಮವಾರ ಆಸ್ಪತ್ರೆಗೇ ಹೋಗೋಣಪ್ಪ" ಎಂದರು. ಮಗ ಕರಪತ್ರವನ್ನು ಮಡಚಿಟ್ಟರು.