ಸುಟ್ಟ ಕಾಡು ಯಾರ ಲೆಕ್ಕಕ್ಕೆ?

ಲೆಕ್ಕಪತ್ರಗಳ ನಡುವೆ ವರ್ಷಗಟ್ಟಲೆ ಕುಳಿತ ನಮ್ಮಂಥ ಗುಮಾಸ್ತರಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಖರ್ಚನ್ನು ಮೊತ್ತಕ್ಕೆ ಸೇರಿಸದೆ ಬೇರೆ ಹಾಳೆಯಲ್ಲಿ ಬರೆದಿಟ್ಟ ಮಾತ್ರಕ್ಕೆ ತಿಜೋರಿ ತುಂಬುವುದಿಲ್ಲ. ಕೆನಡಾ ದೇಶ ತನ್ನ ಕಾಡುಗಳ ವಿಷಯದಲ್ಲಿ ಮಾಡುತ್ತಿರುವುದು ಇದನ್ನೇ.

2023ರಲ್ಲಿ ಅಲ್ಲಿ ಸುಮಾರು 1.5 ಕೋಟಿ ಹೆಕ್ಟೇರ್ ಸುಟ್ಟುಹೋಯಿತು. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣವೇ 1.92 ಕೋಟಿ ಹೆಕ್ಟೇರ್. ಬೀದರಿನಿಂದ ಚಾಮರಾಜನಗರದವರೆಗೆ ನಾಲ್ಕರಲ್ಲಿ ಮೂರು ಪಾಲು ನೆಲ ಬೂದಿಯಾದಂತೆ! ಯೆಲ್ಲೋನೈಫ್ ಪಟ್ಟಣದ ಸುಮಾರು 20,000 ಜನ ಮನೆ ಬಿಟ್ಟು ಹೊರಟರು. ಹೊಗೆಯಿಂದ ನ್ಯೂಯಾರ್ಕಿನ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು. ಹೊರಬಿದ್ದ ಇಂಗಾಲ ಸುಮಾರು 65 ಕೋಟಿ ಟನ್ ಎಂದು 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿಜ್ಞಾನಿಗಳು ಬರೆದರು. ಇಂಗಾಲದ ಡೈಆಕ್ಸೈಡ್ ಎಂದು ಎಣಿಸಿದರೆ 230 ಕೋಟಿ ಟನ್ನಿಗೂ ಮೇಲು. ಆ ವರ್ಷಕ್ಕೆ ಕೆನಡಾ ಜಗತ್ತಿನ ಮುಂದಿಟ್ಟ ಅಧಿಕೃತ ಮೊತ್ತವೋ, ಸುಮಾರು 70 ಕೋಟಿ ಟನ್!

ಬೆಂಕಿಯ ಬಾಬತ್ತು ಎಲ್ಲಿ ಹೋಯಿತು? ಮನುಷ್ಯ ನಿರ್ವಹಿಸದ ಕಾಡು ಲೆಕ್ಕಕ್ಕೇ ಬರುವುದಿಲ್ಲ. ನಿರ್ವಹಿಸುವ ಕಾಡಿನ ಬೆಂಕಿಯನ್ನು 'ನೈಸರ್ಗಿಕ' ಎಂದು ಪ್ರತ್ಯೇಕ ಪಟ್ಟಿಯಲ್ಲಿ ತೋರಿಸುತ್ತಾರೆ. ನಿಯಮ ಇದಕ್ಕೆ ಅವಕಾಶ ಕೊಟ್ಟಿದೆ, ನಿಜ. ಆದರೆ ಅದೇ ಕಾಡು ಮತ್ತೆ ಬೆಳೆದು ಬಲಿತ ಮೇಲೆ ಹೀರುವ ಇಂಗಾಲ ಮಾತ್ರ ಜಮಾ ಬದಿಗೆ! ನಷ್ಟ ದೇವರದು, ಲಾಭ ನಮ್ಮದು ಎಂಬುದು ಯಾವ ಊರಿನ ನ್ಯಾಯ?

ಸಿಡಿಲು ಹಚ್ಚಿದ ಬೆಂಕಿಗೆ ಮನುಷ್ಯ ಹೊಣೆಯೇ ಎಂದು ಕೇಳುವವರಿದ್ದಾರೆ. ಸಿಡಿಲು ಹಿಂದೆಯೂ ಬಡಿಯುತ್ತಿತ್ತು. ಅಲ್ಲಿನ ಕಪ್ಪು ಸ್ಪ್ರೂಸ್ ಮರ ಬೆಂಕಿಯ ಬಿಸಿಗೆ ಕಾಯಿ ಬಿರಿದು ಬೀಜ ಉದುರಿಸುವ ಜಾತಿಯದು. ಬೆಂಕಿ ಅದಕ್ಕೆ ಹೊಸತಲ್ಲ. ಹೊಸದು ಒಣಗಿದ ನೆಲ. ಕ್ವಿಬೆಕ್ ಪ್ರಾಂತ್ಯದಲ್ಲಿ ಆ ವರ್ಷ ಬೆಂಕಿಗೆ ಹದವಾದ ಹವೆ ಒದಗುವ ಸಂಭವ ಭೂಮಿ ಬಿಸಿಯಾದ ಕಾರಣ ಇಮ್ಮಡಿಗೂ ಹೆಚ್ಚಾಗಿತ್ತೆಂದು ತಜ್ಞರು ಲೆಕ್ಕಹಾಕಿದ್ದಾರೆ. ಕಿಡಿ ಸಿಡಿಲಿನದು, ಒಲೆಗೆ ಸೌದೆ ಒಣಗಿಸಿಕೊಟ್ಟದ್ದು ಕಲ್ಲಿದ್ದಲು, ಪೆಟ್ರೋಲು ಸುಟ್ಟ ಮನುಷ್ಯ.

ಕಾಡು ಮತ್ತೆ ಬೆಳೆಯುತ್ತದೆಂಬ ಭರವಸೆಯೂ ಗಟ್ಟಿಯಲ್ಲ. ಎಳೆಯ ಸ್ಪ್ರೂಸ್ ಬೀಜ ಬಿಡುವ ವಯಸ್ಸಿಗೆ ಬರುವ ಮೊದಲೇ ಎರಡನೆಯ ಬೆಂಕಿ ಬಿದ್ದರೆ ಬಿತ್ತನೆಯೇ ಇಲ್ಲ. ನೆಲದ ಪಾಚಿಯ ಪದರ ಆಳಕ್ಕೆ ಸುಟ್ಟರೆ ಬರ್ಚ್, ಆಸ್ಪೆನ್ ಮರಗಳು ಅಲ್ಲಿ ಬೇರೂರುತ್ತವೆ. ಕೆಲವೆಡೆ ಉಳಿಯುವುದು ವಿರಳ ಕುರುಚಲು. ಹುಟ್ಟದ ಮರದ ಹೆಸರಿನಲ್ಲಿ ಮುಂಗಡ ಜಮಾ ಬರೆಯಬಹುದೇ?

ಕೆನಡಾದ ಕಾಡಿಗೂ ನಮಗೂ ಏನು ಸಂಬಂಧ ಎನ್ನಬೇಡಿ. ಊರು ಬಿಟ್ಟು ಊರಿಗೆ ಬಂದ ನಮಗೆ ಗೊತ್ತಿಲ್ಲವೇ, ಗಡಿ ಇರುವುದು ನಕ್ಷೆಯಲ್ಲಿ, ಗಾಳಿಯಲ್ಲಲ್ಲ. ಅಲ್ಲಿ ಏರಿದ ಇಂಗಾಲ ನಮ್ಮ ಮುಂಗಾರಿನ ಆಕಾಶಕ್ಕೂ ಸೇರುತ್ತದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಲೆಕ್ಕ ಸಾಕು. ಸುಟ್ಟದ್ದನ್ನೆಲ್ಲ ಮೊತ್ತಕ್ಕೆ ಸೇರಿಸಲಿ; ಆಮೇಲೆ ಯಾರೆಷ್ಟು ಕಡಿತ ಮಾಡಬೇಕೆಂದು ಎಲ್ಲ ದೇಶಗಳೂ, ನಮ್ಮದೂ ಸೇರಿ, ಕುಳಿತು ತೀರ್ಮಾನಿಸಲಿ.