ಮುಳ್ಳು ಹೇಳಿದ ಸುಳ್ಳು

ನ್ಯೂಜೆರ್ಸಿಯ ನಮ್ಮ ಭಾವನವರಿಗೆ ಚುರುಟಿನ ಹುಚ್ಚು. ಅವು ಒಣಗದಂತೆ ತೇವ ಕಾಯುವ ಬೀರು ಬೇರೆ. ತೇವದ ಮುಳ್ಳು ಶೇಕಡಾ 60ಕ್ಕಿಳಿಯಿತೆಂದು ಹಳೆಯ ಫ್ಯಾನು, ಕಂಟ್ರೋಲರ್ ಕಿತ್ತು ಹೊಸವನ್ನು ಕೂರಿಸಿದರು. ಮುಳ್ಳು ಕದಲಲಿಲ್ಲ. ಇನ್ನೂ ದೊಡ್ಡ ಫ್ಯಾನು ತರಿಸುತ್ತಾರಂತೆ!

ಸ್ವಾಮಿ, ಫ್ಯಾನು ಇದ್ದ ತೇವವನ್ನು ಮೇಲಿನಿಂದ ಕೆಳಗಿನವರೆಗೆ ಹಂಚೀತು, ಹುಟ್ಟಿಸಲಾರದು. ಮೊದಲು ಮಾಪಕವನ್ನು ಪರೀಕ್ಷಿಸಬೇಡವೇ? ಮುಚ್ಚಳವೊಂದರಲ್ಲಿ ಒದ್ದೆ ಉಪ್ಪು ಹಾಕಿ, ಮಾಪಕದೊಂದಿಗೆ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿಟ್ಟೆ. ಮರುದಿನ ಅದು 75 ತೋರಿಸಬೇಕಿತ್ತು. ತೋರಿಸಿದ್ದು 66! ಅಂದರೆ ಬೀರುವಿನಲ್ಲಿ ಸುಮಾರು 69ರ ತೇವವಿತ್ತು. ಚುರುಟಿಗೆ ಬೇಕಾದ್ದೂ ಅಷ್ಟೇ. ಆ ಮುಳ್ಳನ್ನು ನಂಬಿ ತೇವ ಏರಿಸಿದ್ದರೆ ಚುರುಟಿಗೆಲ್ಲ ಬೂಷ್ಟು ಹಿಡಿಯುತ್ತಿತ್ತು.

ಕಾಸಿದ್ದವರಿಗೆ ರಿಪೇರಿಯೆಂದರೆ ಖರೀದಿ. ಅಳತೆ ಸರಿಯಿದೆಯೇ ಎಂದು ಕೇಳುವುದು ಬಡವರ ಚಾಳಿಯಂತೆ. ನನಗಂತೂ ಆ ಚಾಳಿ ಬಿಡುವ ಮನಸ್ಸಿಲ್ಲ.